ವಾಸರು ಅಂದರೇನು

ಅಂಬಪ್ಪನ ಕೈಗಳಿಗೆ ಹೇಸಿಗೆ ಎಂಬುದು ಗೊತ್ತಿರಲಿಲ್ಲ. ಊರೂರಿನ ಬೋರಿಂಗುಗಳನ್ನು, ಅಂದರೆ ಕೈಯಿಂದ ಜಗ್ಗಿ ನೀರೆತ್ತುವ ಪಂಪುಗಳನ್ನು, ರಿಪೇರಿ ಮಾಡುವುದು ಅವನ ಕೆಲಸ. ಬೋರಿಂಗಿನ ಕಟ್ಟೆಯ ಸುತ್ತ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯ ಕೆಸರು. ಅದರಲ್ಲಿ ಹಂದಿಗಳು ಹೊರಳುತ್ತವೆ, ಕೂಸುಗಳ ಬಟ್ಟೆ ಜಾಲಿಸಿದ ನೀರು ನಿಲ್ಲುತ್ತದೆ, ತಾಟು ತೊಳೆದ ಅನ್ನದ ಅಗುಳು ಹುಳಿತು ನೊರೆ ಬಂದಿರುತ್ತದೆ. ಅಂಬಪ್ಪನು ಪ್ಯಾಂಟನ್ನು ಮಡಿಸಿ ಆ ಕೆಸರಿನಲ್ಲಿಯೇ ಮೊಣಕಾಲೂರಿ ಕೂಡುತ್ತಿದ್ದನು. ಕೊಳವೆಯೊಳಗಿಂದ ಸತ್ತ ಕಪ್ಪೆ ಬರಲಿ, ಕೊಳೆತ ಹಲ್ಲಿ ಬರಲಿ, ಎರಡು ಬೆರಳಿನಿಂದ ಎತ್ತಿ ಆಚೆ ಒಗೆಯುತ್ತಿದ್ದನು. ಕೆಲಸ ಮುಗಿದ ಮೇಲೆ ಕೈ ತೊಳೆದು, ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯವನ್ನು ಅಲ್ಲಿಯೇ ಬೇವಿನ ನೆರಳಿನಲ್ಲಿ ಉಣ್ಣುತ್ತಿದ್ದನು. ಅಂಥವನಿಗೆ ಒಮ್ಮೆ ಮೂರು ದಿನ ರೊಟ್ಟಿ ಸೇರದಷ್ಟು ಹೇಸಿಗೆಯಾಯಿತು. ಅದು ಕೆಸರಿನಿಂದ ಆದದ್ದಲ್ಲ. ಸಿಂಧನೂರಿನ ಅಕ್ಕಿ ಗಿರಣಿಯ ಸೂಗಪ್ಪ ಸಾಹುಕಾರರು ಬಸ್ಸಿನೊಳಗೆ ಬಚ್ಚಲು ಕಟ್ಟಿಸಿದರಲ್ಲ, ಆ ಬಚ್ಚಲಿನ ಬಿಸಿನೀರಿನಿಂದ ಆದದ್ದು.

ಅವನು ಮಸ್ಕಿಯವನು. ತಂದೆ ಮುದುಕಪ್ಪನು ತೊಗಲು ಹದ ಮಾಡುವುದರಲ್ಲಿ ಗಟ್ಟಿಗ. ಬಾವಿಗೆ ಎತ್ತು ಹೂಡಿ ಕಪಲಿ ಹೊಡೆಯುತ್ತಿದ್ದ ಕಾಲದಲ್ಲಿ, ನೀರು ಎತ್ತುವ ದೊಡ್ಡ ತೊಗಲ ಚೀಲಗಳನ್ನು ಅವನೇ ಹೊಲಿದು ಕೊಡುತ್ತಿದ್ದನು. ಹದವಾದ ತೊಗಲು ಯಾವುದು, ಹಸಿಯುಳಿದದ್ದು ಯಾವುದು ಎಂಬುದನ್ನು ಕಿವಿಯ ಹತ್ತಿರ ಹಿಡಿದು ಬಾಗಿಸಿ, ಸದ್ದು ಕೇಳಿ ಹೇಳುತ್ತಿದ್ದನು. ಮಗನಿಗೂ ಅದನ್ನು ಕಲಿಸಿದ್ದನು. ಕರೆಂಟಿನ ಪಂಪುಗಳು ಬಂದವು, ಕಪಲಿಗಳು ನಿಂತವು, ಮುದುಕಪ್ಪನ ಕೆಲಸವೂ ನಿಂತಿತು. ಅಂಬಪ್ಪ ಏಳನೆಯ ಇಯತ್ತೆ ಮುಗಿಸಿ ಕೂಲಿಗೆ ಹೋದನು. ಎಂಬತ್ಮೂರನೆಯ ಇಸವಿಯಲ್ಲಿ ಕೊಳವೆಬಾವಿ ಕೊರೆಯುವ ಯಂತ್ರ ಲಿಂಗಸುಗೂರು ತಾಲೂಕಿಗೆ ಬಂದಿತು. ಅದರ ಹಿಂದೆ ಪೈಪು ಹೊರುವ ಆಳಾಗಿ ಸೇರಿಕೊಂಡನು. ಪಂಪನ್ನು ಮೊದಲ ಸಲ ಬಿಚ್ಚಿದ ದಿನ ಒಳಗಿನ ಸರಳಿನ ತುದಿಯಲ್ಲಿ ಒಂದು ಪುಟ್ಟ ತೊಗಲಿನ ಬಟ್ಟಲು ಕಂಡಿತು. ಸರಳು ಮೇಲೆ ಬಂದಾಗ ನೀರನ್ನು ಹಿಡಿದು ತರುವುದು ಅದೇ. ಅಂಬಪ್ಪನಿಗೆ ನಗು ಬಂದಿತು. ಅಪ್ಪನ ಕಪಲಿ ಚೀಲವೇ ಮೈ ಸಣ್ಣ ಮಾಡಿಕೊಂಡು ಇಲ್ಲಿ ಬಂದು ಕುಳಿತಿದೆ ಎಂದು ಅನ್ನಿಸಿತು.

ಮೆಕ್ಯಾನಿಕರು ಅದನ್ನು ವಾಸರು ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಅಂಬಪ್ಪನೂ ಮೆಕ್ಯಾನಿಕ್ ಆದನು. ದಿನಗೂಲಿಯ ನೌಕರಿ. ಲಿಂಗಸುಗೂರಿನ ಜೊತೆಗೆ ಸಿಂಧನೂರಿನ ಕಡೆಗೂ ಅವನನ್ನೇ ಕರೆಯುತ್ತಿದ್ದರು. ಮುದಗಲ್ಲಿನಿಂದ ತುರ್ವಿಹಾಳದವರೆಗೆ ಅವನ ಸೈಕಲ್ಲು ತಿರುಗದ ಊರಿರಲಿಲ್ಲ. ಸರಕಾರದಿಂದ ಬರುವ ವಾಸರುಗಳು ತಡವಾಗಿ ಬರುತ್ತಿದ್ದವು. ಬಂದವು ಹಪ್ಪಳದ ಹಾಗೆ ಒಣಗಿರುತ್ತಿದ್ದವು. ಅದಕ್ಕೆ ಅಂಬಪ್ಪನು, ಅಪ್ಪ ಸಾಯುವ ಮೊದಲು ಹದ ಮಾಡಿಟ್ಟ ತೊಗಲಿನಿಂದ ತಾನೇ ಕತ್ತರಿಸಿ, ಔಡಲೆಣ್ಣೆ ಮೇಣದಲ್ಲಿ ನೆನೆಸಿ, ಕಟ್ಟಿಗೆಯ ಅಚ್ಚಿನಲ್ಲಿ ಒತ್ತಿ ವಾಸರು ಮಾಡಿಕೊಳ್ಳುತ್ತಿದ್ದನು. ಅವು ಎರಡು ವರ್ಷ ಬಾಳುತ್ತಿದ್ದವು.

ಅವನಿಗೊಂದು ರೂಢಿಯಿತ್ತು. ರಿಪೇರಿ ಮುಗಿದೊಡನೆ ಕೊಡ ಹಿಡಿದು ನಿಂತ ಹೆಂಗಸರನ್ನು ಕರೆದು, ಕೆಟ್ಟದ್ದು ಏನು, ಹೊಸದಾಗಿ ಹಾಕಿದ್ದು ಏನು ಎಂದು ತಿಳಿಸುವನು. "ಒಳಗ ಏನ್ ಇಟ್ಟೀನಿ ಅಂತ ಹೇಳಲಾರದ ಹೋದ್ರ ಕಳವು ಮಾಡಿದಂಗವ್ವ. ವಾಸರು ಹೋಗಿತ್ತು, ಹೊಸಾದು ಹಾಕೀನಿ" ಎನ್ನುವನು. ಹೆಂಗಸರು "ಆತು ಬಿಡಪಾ" ಎಂದು ಕೊಡ ಮುಂದೆ ಇಡುವರು.

ಇನ್ನು ಬಸ್ಸಿನ ಮಾತು. ಸೂಗಪ್ಪ ಸಾಹುಕಾರರ ತಾಯಿ ಶೇಖಮ್ಮನವರಿಗೆ ಕಾಶಿಯವರೆಗೆ ಹೋಗಿ ಬರಬೇಕೆಂಬ ಆಸೆ. ಆದರೆ ಹಿಂದೊಮ್ಮೆ ಯಾವುದೋ ಕ್ಷೇತ್ರದ ಛತ್ರದಲ್ಲಿ ಇಳಿದುಕೊಂಡಾಗ ಅಲ್ಲಿಯ ಬಚ್ಚಲನ್ನು ನೋಡಿ ಹೇಸಿ, ಎರಡು ದಿನ ಸ್ನಾನವಿಲ್ಲದೆ, ಸ್ನಾನವಿಲ್ಲದ್ದರಿಂದ ಪೂಜೆಯಿಲ್ಲದೆ, ಪೂಜೆಯಿಲ್ಲದ್ದರಿಂದ ಊಟವಿಲ್ಲದೆ ಊರಿಗೆ ಮರಳಿದ್ದರು. ನಸುಕಿನಲ್ಲಿ ನೆತ್ತಿಯ ಮೇಲೆ ಬಿಸಿನೀರು ಬಿದ್ದು ಪೂಜೆ ಮುಗಿಯದೆ ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ ಅವರು. ಅದಕ್ಕೆ ತೊಂಬತ್ತಾರರಲ್ಲಿ ಸಾಹುಕಾರರು ಹರಾಜಿನಲ್ಲಿ ಒಂದು ಹಳೆಯ ಬಸ್ಸನ್ನು ಹಿಡಿದರು. ಸೀಟುಗಳನ್ನು ಕಿತ್ತಿಸಿ, ಮಲಗಲು ಮಂಚ, ಅಡಿಗೆಗೆ ಕಟ್ಟೆ, ಹಿಂದೆ ಒಂದು ಬಚ್ಚಲು ಮಾಡಿಸಲು ಲಾಲ್‌ಸಾಬನ ಗ್ಯಾರೇಜಿಗೆ ಹಚ್ಚಿದರು. ಲಾಲ್‌ಸಾಬ್ ಎಂದರೆ ಬಸ್ಸು ಲಾರಿಗಳ ಬಾಡಿ ಕಟ್ಟುವುದರಲ್ಲಿ ಹೆಸರಾದವನು. ಬಸ್ಸಿನಲ್ಲಿ ಹಂಡೆ ಇಟ್ಟು ಕಟ್ಟಿಗೆ ಉರಿಸಲಾದೀತೇ? ಹೈದರಾಬಾದಿನಿಂದ ಒಂದು ಗ್ಯಾಸ್ ಗೀಜರು ಬಂದಿತು.

ಅದು ಹೊತ್ತಲಿಲ್ಲ. ಲಾಲ್‌ಸಾಬನು ಅಂಬಪ್ಪನಿಗೆ ಹೇಳಿಕಳಿಸಿದನು.

"ಲೇ ಅಂಬ್ಯಾ, ಬಾ ಇಲ್ಲಿ. ಗ್ವಾಡಿಗಿ ತೂಗಹಾಕೋ ಡಬ್ಬಿ ನೋಡಿದು. ನೀರು ಬಂದ್ರ ತಾನ ಹೊತ್ತತೈತಂತ, ನೀರು ನಿಂತ್ರ ತಾನ ಆರತೈತಂತ. ಕಾಸಿ ಇಡೂದೂ ಇಲ್ಲ, ಆರೂದೂ ಇಲ್ಲ. ಎರಡ್ ಮಂದಿ ನೋಡಿ ಹೋಗ್ಯಾರ. ಒಬ್ಬಾಂವ ಗ್ಯಾಸ್ ಖರಾಬ್ ಐತಿ ಅಂದ, ಇನ್ನೊಬ್ಬಾಂವ ಡಬ್ಬೀನ ಖರಾಬ್ ಅಂದ. ನೀ ಏನ್ ಅಂತಿ?"

ಅಂಬಪ್ಪನು ನಲ್ಲಿ ತಿರುವಿದನು. ನೀರು ಮುದುಕನ ಮೂತ್ರದಂತೆ ತಡೆತಡೆದು ಬಂದಿತು. ಡಬ್ಬಿಯ ಹೊಟ್ಟೆಯ ಕೆಳಗಿನ ನಾಲ್ಕು ತಿರುಪು ಬಿಚ್ಚಿದನು. ಒಳಗೆ ಒಂದು ರಬ್ಬರಿನ ಪೊರೆ. ನೀರು ರಭಸವಾಗಿ ಬಂದು ಆ ಪೊರೆಯನ್ನು ಎತ್ತಿದರೆ ಅದು ಗ್ಯಾಸಿನ ಬಾಯಿಯನ್ನು ತೆರೆಯಬೇಕು.

"ಡಬ್ಬಿ ಚೊಲೋ ಐತಿ ಮಾಮಾ. ನೀರಿಗೆ ದಮ್ಮಿಲ್ಲ. ಮಾಳಿಗಿ ಮ್ಯಾಲಿನ ಟಾಕಿ ಆದ್ರ ಎರಡಾಳು ಎತ್ತರದಿಂದ ಇಳೀತೈತಿ, ದಮ್ಮು ಇರತೈತಿ. ನಿನ್ನ ಬಸ್ಸಿನ ಟಾಕಿ ನಲ್ಲಿಕಿಂತ ಒಂದ್ ಮೊಳ ಎತ್ತರ ಐತಿ."

"ಹಂಗಾದ್ರ ಟಾಕಿ ಇನ್ನಾ ಮ್ಯಾಲ ಏರಸೂಣು."

"ಏರಸು. ಕಾಶಿಗಿ ಹೋಗೂ ಹಾದಿಯಾಗಿನ ಗಿಡದ ಟೊಂಗಿಗೆಲ್ಲ ಮೊದಲ ಕಾಗದ ಬರದು ತಿಳಿಸು."

ಗ್ಯಾರೇಜಿನವರೆಲ್ಲ ನಕ್ಕರು. ಅಂಬಪ್ಪನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದನು. ಬಸ್ಸಿನ ಹೊಟ್ಟೆಯ ಕೆಳಗೆ ದಪ್ಪ ತಗಡಿನ ಮುಚ್ಚಿದ ಡ್ರಮ್ಮು. ಬಚ್ಚಲಿನ ಪಕ್ಕದಲ್ಲಿ ಒಂದು ಕೈಪಂಪು. ಟಾಕಿಯ ನೀರನ್ನು ಪಂಪಿನಿಂದ ಡ್ರಮ್ಮಿಗೆ ಒತ್ತಿದರೆ ಒಳಗಿನ ಗಾಳಿ ಮುದುಡಿ ಕುಳಿತು, ನಲ್ಲಿ ತಿರುವಿದೊಡನೆ ನೀರನ್ನು ದೂಡುತ್ತದೆ. ಇಪ್ಪತ್ತು ಸಲ ಹೊಡೆದರೆ ಒಬ್ಬರ ಸ್ನಾನಕ್ಕೆ ಸಾಕಾದಷ್ಟು ದಮ್ಮು.

ಸಾಹುಕಾರರು ಬಂದು ನೋಡಿದರು. ಡಬ್ಬಿಯನ್ನು ಬಚ್ಚಲಿನ ಒಳಗೇ ಹಚ್ಚಬೇಕು, ಬಂದವರಿಗೆ ಉರಿ ಕಾಣಬೇಕು ಎಂಬುದು ಅವರ ಮನಸ್ಸು.

"ಒಳಗ ಬ್ಯಾಡ್ರಿ ಸಾಹುಕಾರ್ರ. ಬಾಗಿಲಾ ಮುಚ್ಚಿದ ಬಚ್ಚಲದಾಗ ಆ ಉರಿ ಉರದ್ರ ಉಸಿರು ಕಟ್ಟತೈತಿ. ಅಮ್ಮಾರು ವಯಸ್ಸಾದವ್ರು" ಎಂದು ಅಂಬಪ್ಪ ಹಟ ಹಿಡಿದನು. ಕೊನೆಗೆ ಬಸ್ಸಿನ ಹಿಂಬದಿಯಲ್ಲಿ ಹೊರಗೆ, ಗಾಳಿಯಾಡುವ ತಗಡಿನ ಗೂಡಿನಲ್ಲಿ ಡಬ್ಬಿ ಕುಳಿತಿತು. ಹೊಗೆ ಹೋಗಲು ಮೇಲೊಂದು ಕೊಳವೆ. ಹೊಸ ಬಣ್ಣ ಬಳಿದ ತಗಡನ್ನು ಕತ್ತರಿಸಬೇಕಾಗಿ ಬಂದುದಕ್ಕೆ ಲಾಲ್‌ಸಾಬನು ಎರಡು ದಿನ ಬೈದನು. ಪೈಪುಗಳ ತಿರುಪು ತುದಿಗಳಿಗೆ ಸಣಬಿನ ನಾರು ಸುತ್ತಿ, ನೀರು ಸೋರದಂತೆ ಸಫೇದಾ ಎಂಬ ಬಿಳಿಯ ಲೇಪ ಬಳಿದು ಬಿಗಿದದ್ದಾಯಿತು. ಬಸ್ಸು ಕುಲುಕಿದಾಗ ಬಿರಿಯದಿರಲೆಂದು ನಡುನಡುವೆ ಗೇಣುದ್ದ ರಬ್ಬರಿನ ಕೊಳವೆ. "ಕಾಶಿತನಕ ಯಾಕ, ನಮ್ಮ ಮಸ್ಕಿ ರಸ್ತೆ ಒಂದ ಸಾಕು ಬಿರಿಯಾಕ" ಎಂದನು ಅಂಬಪ್ಪ.

ಕಾಡಿದ್ದು ಪಂಪು. ಅದರ ಕೊಳವೆಯನ್ನು ಹಳೆಯ ಕಬ್ಬಿಣದ ಪೈಪಿನಿಂದ ಮಾಡಿದ್ದರು. ಒಳಮೈ ಒರಟು. ಔಷಧ ಸಿಂಪಡಿಸುವ ಪಂಪಿಗೆ ಹಾಕುವ ರಬ್ಬರಿನ ವಾಸರು ತಂದು ಹಾಕಿದರೆ ಸಂಜೆಯೊಳಗೆ ಚಿಂದಿ. ಇನ್ನೊಂದು ಹಾಕಿದರು. ಅದೂ ಚಿಂದಿ. ಮೂರನೆಯ ದಿನ ಅಂಬಪ್ಪನು ಮನೆಯಿಂದ ತನ್ನ ತೊಗಲಿನ ವಾಸರನ್ನು ತಂದನು. ತೊಗಲು ಒರಟಿಗೆ ಹೆದರುವುದಿಲ್ಲ. ಸವೆಯುತ್ತ ಸವೆಯುತ್ತ ಕೊಳವೆಯ ಮೈಗೆ ತಾನೇ ಒಗ್ಗುತ್ತದೆ. ಇಪ್ಪತ್ತು ಸಲ ಹೊಡೆದು ನಲ್ಲಿ ತಿರುವಿದರು. ಹಿಂದಿನ ಗೂಡಿನಲ್ಲಿ 'ಭುಸ್' ಎಂದಿತು. ನೀಲಿ ಉರಿ ಸಾಲಾಗಿ ಎದ್ದಿತು. ಲಾಲ್‌ಸಾಬನು ನಲ್ಲಿಯ ಕೆಳಗೆ ಕೈಯೊಡ್ಡಿದವನು ಹೌಹಾರಿ ಹಿಂದಕ್ಕೆ ಸರಿದನು.

"ಯಾ ಅಲ್ಲಾ! ಸುಟ್ಟತಲೇ! ಹಿಂದ ಉರಿ, ಮುಂದ ನೀರು, ನಡುವ ಶೈತಾನ ಕುಂತಾನೇನು?"

"ಶೈತಾನ ಅಲ್ಲ ಮಾಮಾ, ನಮ್ಮಪ್ಪ ಕುಂತಾನ" ಎಂದನು ಅಂಬಪ್ಪ. ಆ ದಿನ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಬಸ್ಸು ಗಿರಣಿಯ ಅಂಗಳಕ್ಕೆ ಬಂದು ನಿಂತಿತು. ಹೊರಡುವ ಮೊದಲು ರೂಢಿಯಾಗಲೆಂದು ಶೇಖಮ್ಮನವರು ನಾಲ್ಕು ದಿನ ಅದರಲ್ಲಿಯೇ ಸ್ನಾನ ಮಾಡಿದರು. ಹಂಡೆಯ ನೀರಿಗಿಂತ ಮೆತ್ತಗಿದೆ ಎಂದು ಬಂದವರಿಗೆಲ್ಲ ಹೇಳಿದರು. ಒಂದೇ ಒಂದು ಸಂಶಯ. ಮೊದಲೆರಡು ದಿನ ಬಕೆಟ್ಟಿನ ನೀರಿನ ಮೇಲೆ ಎಣ್ಣೆಯ ಪೊರೆ ತೇಲಿತ್ತು. ಔಡಲೆಣ್ಣೆಯ ಕಂಪು. ಮಗನನ್ನು ಕೇಳಿದರು. ಮಗನು ಲಾಲ್‌ಸಾಬನನ್ನು ಕೇಳಿದನು. ಲಾಲ್‌ಸಾಬನು, "ಅದು ತೊಗಲಿನ ಎಣ್ಣೀರಿ, ಎರಡು ದಿನಕ್ಕ ಹೋಗತೈತಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದನು.

ಸಾಯಂಕಾಲ ಅಂಬಪ್ಪನಿಗೆ ಕರೆ ಬಂದಿತು. ಗಿರಣಿಯ ಗೇಟಿನ ಹತ್ತಿರ ಹೊಟ್ಟಿನ ರಾಶಿಯ ಮರೆಯಲ್ಲಿ ಸಾಹುಕಾರರು ಒಬ್ಬರೇ ನಿಂತಿದ್ದರು.

"ಪಂಪಿನಾಗ ತೊಗಲು ಹಾಕೀಯಂತ?"

"ಹೌದ್ರಿ. ರಬ್ಬರ್ ಎರಡು ಸಲ ಹಾಕಿದ್ನಿರಿ, ನಿಂದರಲಿಲ್ಲ. ಬ್ಯಾಡ ಅಂದ್ರ ನಾಳೆ ತಗೀತೀನ್ರಿ."

ತೆಗೆದುಬಿಡು ಎನ್ನುವರೆಂದು ಅಂಬಪ್ಪನು ತಿರುಪು ಬಿಚ್ಚುವ ಪಾನಾಗಳ ಚೀಲವನ್ನು ತಂದೇ ಬಂದಿದ್ದನು. ಬೈದರೆ ಬೈಸಿಕೊಳ್ಳಲೂ ತಯಾರಾಗಿದ್ದನು. ಆದರೆ ಸಾಹುಕಾರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ತಗೀಬ್ಯಾಡ. ಚೊಲೋ ನಡದೈತಿ, ನಡೀಲಿ. ಆದ್ರ ನಾಳೆ ಮುಂಜಾನೆ ನಮ್ಮವ್ವ ನಿನ್ನ ಕರಸ್ತಾಳ. ಏನ್ ಹಾಕೀದಿ ಅಂತ ಕೇಳ್ತಾಳ. ರಬ್ಬರು ಅನ್ನು. ಮೂರ ಅಕ್ಷರ."

"ಇರೂದು ತೊಗಲ್ರಿ."

"ಇರೂದು ನನಗ ಗೊತ್ತೈತಿ, ನಿನಗ ಗೊತ್ತೈತಿ. ನೀ ಮುಟ್ಟಿದ್ದು ಕಬ್ಬಿಣ, ಅದನ್ನ ಹೆಂಗಿದ್ರೂ ಹೊರಡೂ ಮುಂದ ತೊಳಸ್ತೀವಿ, ಹೋಗತೈತಿ. ತೊಗಲು ತೊಳದ್ರ ಹೋಗಂಗಿಲ್ಲ. ಅದಕ್ಕ ಅವ್ವಗ ತಿಳೀಬಾರದು, ಅಷ್ಟ. ತಿಳದ್ರ ಯಾತ್ರಾ ನಿಂತಂಗ. ಯಾತ್ರಾ ನಿಂತ್ರ ಸಿಂಧನೂರಾಗ ನಿನ್ನ ಕೈಯಾಗ ಯಾರೂ ಪಾನಾ ಕೊಡಂಗಿಲ್ಲ, ಅದನ್ನ ನಾ ನೋಡ್ಕೋತೀನಿ."

ಸಿಟ್ಟಿನಿಂದ ಹೇಳಿದ ಮಾತಾಗಿದ್ದರೆ ಅಂಬಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ. ಸೋನಾಮಸೂರಿ ಯಾವುದು, ನುಚ್ಚು ಯಾವುದು ಎಂದು ಗಿರಾಕಿಗೆ ಹೇಳುವಷ್ಟೇ ಸಲೀಸಾಗಿ ಹೇಳಿದ್ದರು. ತೊಗಲು ಹೇಸಿಗೆ ಎನ್ನುವವನನ್ನು ಅವನು ಬಲ್ಲನು. ಚಿಕ್ಕಂದಿನಿಂದ ಅಂಥವರ ನಡುವೆಯೇ ಬೆಳೆದವನು. ಆದರೆ ತೊಗಲು ಹೇಸಿಗೆಯೂ ಹೌದು, ಅದರಿಂದ ಬಂದ ಬಿಸಿನೀರು ನೆತ್ತಿಗೆ ಬೇಕೂ ಹೌದು, ಹೆಸರು ಮಾತ್ರ ರಬ್ಬರಿನದಾಗಲಿ ಎನ್ನುವ ಈ ಜಾಣತನವನ್ನು ಅವನು ಕಂಡಿರಲಿಲ್ಲ. ಅಪ್ಪನ ಕೆಲಸವನ್ನು ಕದ್ದ ಮಾಲಿನ ಹಾಗೆ ಬಸ್ಸಿನ ಹೊಟ್ಟೆಯ ಕೆಳಗೆ ಅಡಗಿಸಿಡಬೇಕು! ಗೇಟಿನ ಹೊರಗೆ ಬಂದು ಥೂ ಎಂದು ಉಗುಳಿದನು.

ಮನೆಗೆ ಬಂದವನು ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದನು, ಬಾಯಿಗೆ ಇಡಲಾಗಲಿಲ್ಲ. ಹೆಂಡತಿ ಅಯ್ಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದುಬಿಡ್ರಿ ರಬ್ಬರು ಅಂತ. ನಿಮ್ಮಪ್ಪೇನು ಮಣ್ಣಾಗಿಂದ ಎದ್ದು ಬಂದು ಕೇಳ್ತಾನೇನು?"

"ಸುಳ್ಳು ಹೇಳಿ ನನಗ ರೂಢಿ ಇಲ್ಲ."

"ಅಯ್ಯ, ಇಲ್ಲಂತ! ಹತ್ತು ವರ್ಷ ಊರೂರು ತಿರುಗಿ ವಾಸರು ಹಾಕೀನಿ, ವಾಸರು ಹಾಕೀನಿ ಅಂದ್ರಿ. ಒಂದಿನಾರ ತೊಗಲು ಹಾಕೀನಿ ಅಂದೀರೇನು? ಅಂದಿದ್ರ ಯಾವಾಕಿ ಕೊಡ ಇಡ್ತಿದ್ಲು ನೋಡೂಣು?"

ಅಂಬಪ್ಪನು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಬಿಟ್ಟನು. ಅವಳು ಹೇಳಿದ್ದು ನಿಜವಾಗಿತ್ತು. ಎಲ್ಲರಿಗೂ ಎಲ್ಲವನ್ನೂ ಬಿಚ್ಚಿ ಹೇಳುವವನು ತಾನು ಎಂದು ಮೆರೆದಿದ್ದನಲ್ಲ, ಆ ಒಂದು ಇಂಗ್ಲಿಷ್ ಮಾತಿನ ಸೆರಗಿನಲ್ಲಿ ತೊಗಲನ್ನು ಮುಚ್ಚಿಕೊಂಡೇ ತಿರುಗಿದ್ದನು. ಯಾರೂ ಕೇಳಿರಲಿಲ್ಲ, ತಾನೂ ಹೇಳಿರಲಿಲ್ಲ. ಸಾಹುಕಾರರ ಮೇಲೆ ಹುಟ್ಟಿದ ಹೇಸಿಗೆ ಸುತ್ತಿ ಬಂದು ತನ್ನ ಮೈಗೇ ಅಂಟಿತು.

ಮರುದಿನ ಮುಂಜಾನೆ ಶೇಖಮ್ಮನವರು ಸ್ನಾನ, ಪೂಜೆ ಮುಗಿಸಿ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದರು. ಸಾಹುಕಾರರು ಪಕ್ಕದಲ್ಲಿ ನಿಂತಿದ್ದರು. ಲಾಲ್‌ಸಾಬನು ಬಸ್ಸಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದನು. ಅಂಬಪ್ಪನು ಕಟ್ಟೆಯ ಕೆಳಗೆ ನಿಂತು ಕೈಮುಗಿದನು.

"ಬಾ ತಮ್ಮಾ. ಬಾಳ ಚೊಲೋ ಮಾಡೀಯಪಾ. ನನ್ನ ಯಾತ್ರಾ ನಿನ್ನಿಂದ ಆದಂಗ ನೋಡು. ಅಲ್ಲ, ನೀರಿನ ಮ್ಯಾಲ ಎಣ್ಣಿ ಯಾಕ ಬಂತು?"

"ಅದು ವಾಸರಿನ ಎಣ್ಣಿಯವ್ವ" ಎಂದು ಸಾಹುಕಾರರೇ ಮುಂದೆ ಬಂದು ಹೇಳಿದರು.

"ವಾಸರು ಅಂದ್ರೇನು?" ಎಂದು ಮುದುಕಿ ಕೇಳಿದರು.

ಹತ್ತು ವರ್ಷದಲ್ಲಿ ಒಬ್ಬರೂ ಕೇಳದ ಮಾತು ಅದು. ಸಾಹುಕಾರರು ಅಂಬಪ್ಪನನ್ನೇ ದಿಟ್ಟಿಸಿದರು. ಅಂಬಪ್ಪನ ನಾಲಿಗೆಯ ಮೇಲೆ ಆ ಮೂರು ಅಕ್ಷರ ಬಂದು ಕುಳಿತವು. ಅವುಗಳ ರುಚಿ ಅವನಿಗೆ ತಡೆಯಲಾಗಲಿಲ್ಲ.

"ತೊಗಲ್ರಿ ಅಮ್ಮಾರ. ಎಮ್ಮಿ ತೊಗಲು. ನಮ್ಮಪ್ಪ ಹದಾ ಮಾಡಿದ್ದು."

ಶೇಖಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದರು. ಕಟ್ಟೆಯ ಮೂಲೆಗೆ ಹೋಗಿ ಓಕರಿಸಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರಿಯ ನೀರು ಬಂದಿತು. ಸೊಸೆ ಓಡಿ ಬಂದು ಬೆನ್ನು ಹಿಡಿದಳು.

"ನಾಕು ದಿನ! ಆ ನೀರು ನೆತ್ತಿ ಮ್ಯಾಲ ಹೊಯ್ಕೊಂಡು ದೇವರನ್ನ ಮುಟ್ಟೀನಲ್ಲೋ ಶಿವನೇ! ಥೂ, ಥೂ!"

ಅಂಬಪ್ಪನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಹೆಂಡತಿಯ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು.

"ಅಮ್ಮಾರ, ಇದೊಂದ ಅಲ್ರಿ. ನಿಮ್ಮ ಗೇಟಿನ ಮುಂದಿನ ಬೋರಿಂಗಿನಾಗೂ ಐತಿ. ಆರು ವರ್ಷದಾಗ ನಾಕು ಸಲ ನಾನ ಬದಲು ಮಾಡೀನಿ. ಎಲ್ಲಾ ಊರಾಗೂ ಐತಿ. ವಾಸರು ಅಂತ ಅಂದೀನಿ, ತೊಗಲು ಅಂತ ಅಂದಿಲ್ಲ. ಅಷ್ಟು ನಂದು ತಪ್ಪೈತ್ರಿ."

ಗೇಟಿನ ಮುಂದೆ ಬೋರಿಂಗಿನ ಹಿಡಿ ಜಗ್ಗುತ್ತಿದ್ದ ಕೆಲಸದವಳ ಕೈ ನಿಂತಿತು. ಅರ್ಧ ತುಂಬಿದ ಕೊಡದೊಳಕ್ಕೆ ಒಂದೊಂದೇ ಹನಿ ಬೀಳುವುದು ಪಡಸಾಲೆಯವರೆಗೂ ಕೇಳಿಸಿತು.

ಮುದುಕಿ ಬಾಯಿ ಒರೆಸಿಕೊಂಡು ಮಗನ ಕಡೆಗೆ ತಿರುಗಿದರು. "ನಿನಗ ಗೊತ್ತಿತ್ತೇನು?"

ಸಾಹುಕಾರರು ಬಸ್ಸಿನ ಕಡೆಗೆ ಮುಖ ತಿರುಗಿಸಿದರು.

"ಗೊತ್ತಿತ್ತು. ಗೊತ್ತಿದ್ದೂ ಇವತ್ತ ಮತ್ತ ಹೊಯ್ಕೊಳ್ಳಾಕ ಬಿಟ್ಟಿ. ಹೆತ್ತ ಹೊಟ್ಟಿಗಿ ಹೇಸಿಗಿ ಬರಂಗ ಮಾಡಿದೆಲ್ಲೋ ಸೂಗ್ಯಾ!"

ಅಂಬಪ್ಪನು ಯಾರೂ ಹೇಳುವ ಮೊದಲೇ ಬಸ್ಸು ಹತ್ತಿ ಪಂಪು ಬಿಚ್ಚಿದನು. ವಾಸರನ್ನು ತೆಗೆದು, ಒರೆಸಿ, ಜೇಬಿನಲ್ಲಿ ಇಟ್ಟುಕೊಂಡು ಇಳಿದನು. ಅಷ್ಟರಲ್ಲಿ ದನದ ಹಟ್ಟಿಯಿಂದ ಎರಡು ಬಕೆಟ್ಟು ಗಂಜಳ ಬಂದಿತು. ಬಸ್ಸಿನ ನೆಲಕ್ಕೆ, ಗೋಡೆಗೆ, ನಲ್ಲಿಗೆ, ಪೈಪಿಗೆ, ಹೊಸ ಹಾಸಿಗೆಗಳಿಗೆ ಸಹಿತ ಚಿಮುಕಿಸಿದರು. ಅಂಗಳವೆಲ್ಲ ಘಾಟು.

"ಆಕಳ ಉಚ್ಚಿ ಆಗತೈತಿ, ಎಮ್ಮಿ ತೊಗಲು ಆಗಂಗಿಲ್ಲ. ನನ್ನ ಬಣ್ಣ ಅಂತೂ ಹಾಳಾತು" ಎಂದು ಲಾಲ್‌ಸಾಬನು ಮೂಗು ಮುಚ್ಚಿಕೊಂಡನು. ಅಂಬಪ್ಪನಿಗೆ ನಗು ಬರಲಿಲ್ಲ.

ಗಿರಣಿಯವರು ಎರಡು ದಿನ ಬೋರಿಂಗಿನ ನೀರನ್ನು ಮುಟ್ಟಲಿಲ್ಲ. ಕಾಲುವೆಯಿಂದ ತರಿಸಿದರು. ಮೇಲ್ಗಡೆ ಎಮ್ಮೆಗಳು ಕತ್ತಿನವರೆಗೆ ಮುಳುಗಿ ಕುಳಿತಿರುತ್ತಿದ್ದ ಕಾಲುವೆ ಅದು. ಮೂರನೆಯ ದಿನ ಬೋರಿಂಗಿನ ಹಿಡಿ ಮತ್ತೆ ಕಿರುಗುಟ್ಟಿತು. ಆ ಮೂರು ದಿನವೂ ಅಂಬಪ್ಪನಿಗೆ ರೊಟ್ಟಿ ಸೇರಲಿಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ಈಗ "ತೊಗಲಿನ ವಾಸರವ್ವ" ಎಂದೇ ಹೇಳತೊಡಗಿದನು. ಕೆಲವರು ಮುಖ ಸಿಂಡರಿಸಿದರು. ತುರ್ವಿಹಾಳದಲ್ಲಿ ಒಬ್ಬಳು "ತೊಗಲಿರಲಿ ತಗಡಿರಲಿ, ನೀರು ಬರ್ತೈತಿಲ್ಲೋ ನಿಮ್ಮಪ್ಪನ" ಎಂದು ಗದರಿಸಿ ಕೊಡ ಇಟ್ಟಳು.

ಹತ್ತು ದಿನದ ಮೇಲೆ ಲಾಲ್‌ಸಾಬನು ಮಸ್ಕಿಗೇ ಬಂದನು.

"ಮುದುಕಿ ನಿನ್ನ ಕರಕೊಂಡು ಬಾ ಅಂದಾಳ."

"ನಾ ಒಲ್ಲೆ."

"ಕೇಳಲೇ ಮೊದಲ. ಸಾಹುಕಾರ ಬ್ಯಾರೇದಾವನ್ನ ಕರಸಿ ಪಂಪು ಮಾಡಿಸಿದ. ಅಂವ ರಬ್ಬರು, ಪಕ್ಕಾ ರಬ್ಬರು ಅಂದ. ಮುದುಕಿ ಬಿಚ್ಚು ಅಂದ್ಲು. ಬಿಚ್ಚಿದ್ರ ಒಳಗ ಬಾಜಾರದ ತೊಗಲು! ಈಗ ಆಕಿ ಹಟಾ ಹಿಡದಾಳ. ತೊಗಲು ಅಂದಾವನ ಬಂದು ರಬ್ಬರು ಅನ್ನಬೇಕಂತ. ಅಂದ್ರ ಅಷ್ಟ ಬಸ್ಸು ಹತ್ತತಾಳಂತ."

ಅಂಬಪ್ಪನು ಕಟ್ಟಿಗೆಯ ಅಚ್ಚಿನಲ್ಲಿ ವಾಸರು ಒತ್ತುತ್ತಲೇ ಕೇಳಿಸಿಕೊಂಡನು. ತನ್ನ ಕೈ ಬೇಡವಾಗಿ, ತನ್ನ ಬಾಯಿ ಬೇಕಾಗಿತ್ತು ಅವರಿಗೆ. ಆದರೂ ಮುದುಕಿ ಕೇಳಿದ್ದು ನಿಜವನ್ನು. ಅದಕ್ಕೆ ಇಲ್ಲವೆನ್ನಲು ಅವನ ಮನಸ್ಸು ಒಪ್ಪಲಿಲ್ಲ. "ರಬ್ಬರು ನಿಂದರಬೇಕಂದ್ರ ಪಂಪಿನ ಒಳಮೈ ಹಿತ್ತಾಳಿದು ಇರಬೇಕು. ರಾಯಚೂರಾಗ ಗುಜರಿ ಅಂಗಡಿಯಾಗ ಹುಡುಕು" ಎಂದು ಹೇಳಿದನು. ಲಾಲ್‌ಸಾಬನು ಎರಡು ದಿನ ಅಲೆದು, ಒಳಗೆ ಹಿತ್ತಾಳೆಯ ಪದರವಿದ್ದ ಹಳೆಯ ಪಂಪೊಂದನ್ನು ತಂದನು. ಅಂಬಪ್ಪನು ಅದನ್ನು ಬಸ್ಸಿಗೆ ಕೂಡಿಸಿ, ರಬ್ಬರಿನ ವಾಸರು ಹಾಕಿ, ಎರಡು ದಿನ ಹೊಡೆದು ನೋಡಿದನು. ನಿಂತಿತು.

ಶೇಖಮ್ಮನವರು ಬಸ್ಸಿನ ಬಾಗಿಲವರೆಗೆ ಬಂದರು. "ಏನ್ ಹಾಕೀದಿ ತಮ್ಮಾ?"

"ರಬ್ಬರ್ ರೀ ಅಮ್ಮಾರ."

"ಬಿಚ್ಚಿ ತೋರಸು" ಎಂದರು ಸಾಹುಕಾರರು.

"ಏ ಸೂಗ್ಯಾ, ಸುಮ್ನಿರು!" ಎಂದು ಮುದುಕಿ ಗದರಿಸಿದರು. "ಅಂವ ಅಂದ ಮ್ಯಾಲ ಮುಗೀತು. ನಿನಗಿಂತ ಅಂವನ ಮಾತು ನನಗ ಮಡಿ." ಆಮೇಲೆ ಒಳಗೆ ಕೂಗಿದರು. "ಏ, ಅಂಬಪ್ಪಗ ಚಾ ಕೊಡ್ರೆವ್ವ."

ಆ ಒಂದು ಗಳಿಗೆ ಅಂಬಪ್ಪನಿಗೆ ಕಣ್ಣು ತುಂಬಿದಂತಾಯಿತು. ಸೊಸೆ ಚಹಾದ ಕೆಟಲು ಹಿಡಿದು ಬಂದಳು. ಕಂಪೌಂಡಿನ ಗೋಡೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು. ಗೋಡೆಯ ಮೇಲೆ ಕಿವಿ ಮುರಿದ ಕಪ್ಪೊಂದು ಬೋರಲು ಬಿದ್ದಿತ್ತು. ಅದರ ಮೈಮೇಲೆ ಕಾಗೆಯ ಹಿಕ್ಕೆ ಒಣಗಿತ್ತು. ಅದನ್ನು ಅವನೇ ತೊಳೆದುಕೊಂಡು ತಂದು ನೆಲದ ಮೇಲೆ ಇಟ್ಟರೆ ಅವಳು ಮೇಲಿನಿಂದ ಹೊಯ್ಯುವಳು. ಅಂಬಪ್ಪನು ಶೇಖಮ್ಮನವರ ಮುಖ ನೋಡಿದನು. ಅಲ್ಲಿ ಕಪಟವಿರಲಿಲ್ಲ. ಮಗನ ಮುಂದೆ ಅವನನ್ನು ಹೊಗಳಿದ ಸಂತೋಷವೇ ಇನ್ನೂ ತುಂಬಿತ್ತು. ಕಪ್ಪಿನ ಕಡೆಗೆ ಆಕೆಯ ಲಕ್ಷ್ಯವೇ ಇರಲಿಲ್ಲ. ಸಾಹುಕಾರರನ್ನು ಕಂಡರೆ ಉಗುಳಬಹುದಿತ್ತು. ಈ ಮುದುಕಿಯನ್ನು ಏನು ಮಾಡುವುದು? ಅವನ ಹೇಸಿಗೆಗೆ ಹೋಗಿ ಬೀಳಲು ಒಂದು ಜಾಗವೂ ಸಿಗಲಿಲ್ಲ.

"ಚಾ ಬ್ಯಾಡ್ರಿ. ಇನ್ನ ಒಂದು ಕೆಲಸ ಐತಿ" ಎಂದನು.

ಬಸ್ಸು ಹತ್ತಿದನು. ಇಪ್ಪತ್ತು ಸಲ ಪಂಪು ಹೊಡೆದನು. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುವಿದನು. ಹಿಂದೆ ಭುಸ್ ಎಂದು ಉರಿ ಎದ್ದಿತು. ಅಲ್ಲಿಯೇ ಇದ್ದ, ಯಾತ್ರೆಗೆಂದು ತಂದಿಟ್ಟ ಹೊಸ ಸೋಪಿನ ಹಾಳೆ ಹರಿದು, ಕೈ ತೊಳೆದನು, ಮೊಣಕೈ ತೊಳೆದನು, ಮುಖ ತೊಳೆದನು, ಕಾಲು ತೊಳೆದನು. ಕೆಳಗೆ ನಿಂತವರಿಗೆಲ್ಲ ನೀರಿನ ಸದ್ದು ಕೇಳಿಸುತ್ತಿತ್ತು. ಡ್ರಮ್ಮಿನ ದಮ್ಮು ಮುಗಿದು ಉರಿ ತಾನಾಗಿ ಆರುವವರೆಗೂ ಅವನು ಹೊರಗೆ ಬರಲಿಲ್ಲ.

ಬಂದಾಗ ಗಡ್ಡದಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು.

"ನೀರು ಚೊಲೋ ಕಾಯಾಕತ್ತೈತ್ರಿ ಅಮ್ಮಾರ. ನೋಡೀನಿ" ಎಂದನು.

ಸಾಹುಕಾರರು ಬಾಯಿ ತೆರೆದರು. ಶೇಖಮ್ಮನವರು ಕೈ ಎತ್ತಿ ಅವರನ್ನು ತಡೆದರು. ಅಂಬಪ್ಪನ ಮುಖವನ್ನು ನೋಡಿದರು, ಗೋಡೆಯ ಮೇಲಿನ ಕಪ್ಪನ್ನು ನೋಡಿದರು. ಸೊಸೆಯ ಕೈಯಲ್ಲಿ ಕೆಟಲು ಆರುತ್ತಿತ್ತು.

ಅಂಬಪ್ಪನು ಪಾನಾ ಚೀಲವನ್ನು ಸೈಕಲ್ಲಿಗೆ ಕಟ್ಟಿದನು. ಸಾಲಗುಂದದಲ್ಲಿ ಬೋರಿಂಗು ಕೆಟ್ಟು ನಾಲ್ಕು ದಿನವಾಗಿತ್ತು. ಬಸ್ಸು ಆ ಸೋಮವಾರ ಉತ್ತರಕ್ಕೆ ಹೊರಟಿತೆಂದು ಲಾಲ್‌ಸಾಬನು ಆಮೇಲೆ ಹೇಳಿದನು. ಹೊರಡುವ ಮೊದಲು ಅದನ್ನು ಮತ್ತೆ ತೊಳೆದರೋ ಇಲ್ಲವೋ ಎಂದು ಅಂಬಪ್ಪನು ಕೇಳಲಿಲ್ಲ.